ಮಲ್ಟಿಪ್ಲೈ ಅಂದರೆ ನಿಜಕ್ಕೂ ಗುಣಾಕಾರ

ಬ್ಲೆಂಡಿಂಗ್ ಮೋಡ್‌ಗಳ (ಒಂದು ಲೇಯರ್, ಅಂದರೆ ಚಿತ್ರದ ಪದರ, ಕೆಳಗಿನದರ ಜೊತೆ ಬೆರೆಯುವ ವಿಧಾನಗಳ) ಪಟ್ಟಿ ತೆರೆಯುವುದು, ಒಂದೊಂದನ್ನೇ ಒತ್ತಿ ನೋಡುವುದು, ಕಣ್ಣಿಗೆ ಚೆನ್ನಾಗಿ ಕಂಡಲ್ಲಿ ನಿಲ್ಲುವುದು. ನಾನೂ ಬಹಳ ಕಾಲ ಹೀಗೇ ಮಾಡಿದ್ದೇನೆ. ಫೋಟೋಶಾಪ್‌ನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಮೋಡ್‌ಗಳಿವೆ. ನನ್ನ ದಿನದ ಕೆಲಸಕ್ಕೆ ಬೇಕಾಗುವುದು ನಾಲ್ಕೇ. ಅವುಗಳ ಹಿಂದಿರುವುದು ಶಾಲೆಯ ಲೆಕ್ಕ, ಅಷ್ಟೇ.

ಕಪ್ಪು 0, ಬಿಳಿ 1 ಅಂದುಕೊಳ್ಳಿ. ನಡುವಿನ ಬೂದು 0.5. ಮಲ್ಟಿಪ್ಲೈ ಮೋಡ್ ಮೇಲಿನ ಲೇಯರ್ ಮತ್ತು ಕೆಳಗಿನ ಲೇಯರ್‌ನ ಬೆಲೆಗಳನ್ನು ಗುಣಿಸುತ್ತದೆ. ಒಂದೇ ಫೋಟೋದ ಎರಡು ಪ್ರತಿ ಇಟ್ಟರೆ 0.5 ಹೋಗಿ 0.25 ಆಗುತ್ತದೆ, ಅಂದರೆ ಚಿತ್ರ ಕಪ್ಪಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಮಜಾ ಇರುವುದು ಬೆಳಕಿನ ಭಾಗದಲ್ಲಿ. ಆಕಾಶದ ಪೇಲವವಾದ ಮೋಡದಲ್ಲಿ 0.8 ಮತ್ತು 0.9 ಅಕ್ಕಪಕ್ಕ ಇವೆ ಅನ್ನಿ. ಗುಣಿಸಿದ ಮೇಲೆ ಅವು 0.64 ಮತ್ತು 0.81. ಅಂತರ 0.1 ಇದ್ದದ್ದು 0.17 ಆಯಿತು. ಮೋಡದ ಮಡಿಕೆಗಳು ಎದ್ದು ಕಾಣುವುದು ಇದರಿಂದಲೇ. ಪೂರ್ತಿ ಬಿಳಿಯಾಗಿ ಸುಟ್ಟುಹೋದ ಆಕಾಶಕ್ಕೆ ಮಾತ್ರ ಮಲ್ಟಿಪ್ಲೈ ಏನೂ ಮಾಡದು. ಒಂದನ್ನು ಒಂದರಿಂದ ಗುಣಿಸಿದರೆ ಒಂದೇ ಅಲ್ವಾ?

ನೆರಳಿನಲ್ಲಿ ಕಥೆ ಉಲ್ಟಾ. 0.2 ಇದ್ದದ್ದು 0.04ಕ್ಕೆ ಕುಸಿದು, ವಿವರ ಮುಳುಗುತ್ತದೆ. ಹಾಗಾಗಿ ಮಾಸ್ಕ್ (ಪರಿಣಾಮ ಬೇಡದ ಕಡೆ ಮುಚ್ಚುವ ಪರದೆ) ಇಲ್ಲದೆ ಮಲ್ಟಿಪ್ಲೈ ಬಳಸಬೇಡಿ.

ಸ್ಕ್ರೀನ್ ಮೋಡ್ ಇದನ್ನೇ ತಲೆಕೆಳಗು ಮಾಡುತ್ತದೆ. ನೆರಳು ತಿಳಿಯಾಗುತ್ತದೆ, ಜೊತೆಗೆ ಅಲ್ಲಿ ಅಡಗಿದ್ದ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಕೂಡ ಹೊರಗೆ ಬರುತ್ತದೆ.

ಇವಕ್ಕಾಗಿ ಲೇಯರ್ ನಕಲು ಮಾಡುವ ಅಭ್ಯಾಸ ಬಿಡಿ. ಒಂದು ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ. ಅದರಲ್ಲಿ ಚಿತ್ರ ಇರುವುದಿಲ್ಲ, ಕೆಳಗಿನ ಚಿತ್ರದ ಬೆಳಕನ್ನು ತಿದ್ದುವ ಒಂದು ಗೆರೆ ಮಾತ್ರ. ಗೆರೆಯನ್ನು ಮುಟ್ಟದೆ ಸುಮ್ನೆ ಮೋಡ್ ಬದಲಿಸಿ. ಫಲಿತಾಂಶ ಅದೇ, ಫೈಲ್ ಮಾತ್ರ ಊದಿಕೊಳ್ಳುವುದಿಲ್ಲ. ಆಮೇಲೆ ಕೆಳಗಿನ ಫೋಟೋದಲ್ಲಿ ಕಲೆ ಒರೆಸಿದರೂ ಮತ್ತೆ ನಕಲು ಮಾಡಬೇಕಿಲ್ಲ. ಒಪಾಸಿಟಿಯನ್ನು (ಲೇಯರ್ ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದನ್ನು) ನಾನು ಶೇ. 30ರ ಆಸುಪಾಸಿನಿಂದ ಶುರು ಮಾಡುತ್ತೇನೆ. 100 ಬೇಕಾದದ್ದು ಅಪರೂಪ.

ಅದೇ ಕರ್ವ್ಸ್‌ನಲ್ಲಿ ಕಾಂಟ್ರಾಸ್ಟ್ ಏರಿಸುವಾಗ ಲೂಮಿನಾಸಿಟಿ ಮೋಡ್ ನೆನಪಿರಲಿ. ಒಮ್ಮೆ ಒಂದು ಗುಂಪು ಫೋಟೋಗೆ ನಾರ್ಮಲ್ ಮೋಡ್‌ನಲ್ಲೇ ಕಾಂಟ್ರಾಸ್ಟ್ ಕೊಟ್ಟು ಪ್ರಿಂಟ್ ಹಾಕಿಸಿದ್ದೆ. ಮುಖಗಳೆಲ್ಲ ಕೆಂಪೇರಿ, ಎಲ್ಲರಿಗೂ ಒಟ್ಟಿಗೆ ಸಿಟ್ಟು ಬಂದ ಹಾಗಿತ್ತು. ಕಾಂಟ್ರಾಸ್ಟ್ ಜೊತೆ ಬಣ್ಣದ ಗಾಢತೆಯೂ ಏರಿತ್ತು. ಲೂಮಿನಾಸಿಟಿ ಬೆಳಕನ್ನಷ್ಟೇ ಬದಲಿಸಿ ಬಣ್ಣವನ್ನು ಇದ್ದಂತೆ ಬಿಡುತ್ತದೆ.

ನಾಲ್ಕನೆಯದು ಸಾಫ್ಟ್ ಲೈಟ್. ಇದಕ್ಕೆ ಶೇ. 50 ಬೂದು ಬಣ್ಣ ಕಾಣಿಸುವುದೇ ಇಲ್ಲ. ಬೂದು ತುಂಬಿದ ಲೇಯರ್ ಹಾಕಿ, ಮೋಡ್ ಬದಲಿಸಿದರೆ ಅದು ಮಾಯವಾಗುತ್ತದೆ. ಅದರ ಮೇಲೆ ಮೆತ್ತನೆಯ ಬ್ರಷ್‌ನಿಂದ ಬಿಳಿ ಬಳಿದ ಕಡೆ ಬೆಳಕು, ಕಪ್ಪು ಬಳಿದ ಕಡೆ ನೆರಳು. ಬ್ರಷ್ ಒಪಾಸಿಟಿ ಶೇ. 5ರಿಂದ 10 ಸಾಕು. ಓವರ್‌ಲೇ ಅನ್ನುವ ಇನ್ನೊಂದು ಮೋಡ್‌ಗೂ ಬೂದು ಕಾಣುವುದಿಲ್ಲ, ಆದರೆ ಅದರ ಕೈ ಸ್ವಲ್ಪ ಒರಟು. ಮುಖಗಳಿಗೆ ನಾನು ಅದನ್ನು ಬಳಸುವುದಿಲ್ಲ.

ಹೈ ಪಾಸ್ ಫಿಲ್ಟರ್ ಹಾಕಿ ಓವರ್‌ಲೇ ಮಾಡಿ ಶಾರ್ಪ್ ಮಾಡುವ ಹಳೆಯ ಉಪಾಯ ಗೊತ್ತಿರಬಹುದು. ಅದೂ ಇದೇ ಲೆಕ್ಕ. ಹೈ ಪಾಸ್ ಅಂಚುಗಳನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಬೂದು ಮಾಡುತ್ತದೆ, ಓವರ್‌ಲೇ ಆ ಬೂದನ್ನು ನುಂಗುತ್ತದೆ. ಉಳಿಯುವುದು ಅಂಚಿನ ಚುರುಕು ಮಾತ್ರ. ರೇಡಿಯಸ್ 1ರಿಂದ 3 ಪಿಕ್ಸೆಲ್ ಇರಲಿ. ಜಾಸ್ತಿಯಾದರೆ ಅಂಚಿನ ಸುತ್ತ ಬಿಳಿ ಪ್ರಭೆ ಕಾಣಿಸುತ್ತದೆ.