ಬೈಕಿಗೆ ಚಾರ್ಜಿಂಗ್ ಸಾಕೆಟ್: ಕರೆಂಟು ಎಲ್ಲಿಂದ ಎಳೆದಿದ್ದೀರಿ?

ಕಳೆದ ಮಳೆಗಾಲದಲ್ಲಿ ಊಟದ ಡೆಲಿವರಿ ಮಾಡುವ ಹುಡುಗನೊಬ್ಬ ಬೈಕ್ ತಳ್ಳಿಕೊಂಡು ಅಂಗಡಿಗೆ ಬಂದ. "ಅಣ್ಣಾ, ಬ್ಯಾಟರಿ ಹೋಗಿದೆ, ಹೊಸದು ಹಾಕ್ಬಿಡಿ" ಅಂದ. ಹಾಕಿಸಿ ಆರು ತಿಂಗಳೂ ಆಗಿರಲಿಲ್ಲ. ಜ್ವರ ಬಂದು ಎಂಟು ದಿನ ಗಾಡಿ ಮುಟ್ಟಿರಲಿಲ್ಲವಂತೆ. ಕೀ ಅವನ ಜೇಬಿನಲ್ಲಿತ್ತು, ಆದರೆ ಹ್ಯಾಂಡಲ್ ಮೇಲಿನ ಮೊಬೈಲ್ ಚಾರ್ಜರಿನ ನೀಲಿ ದೀಪ ಉರಿಯುತ್ತಲೇ ಇತ್ತು. ಯಾರೋ ಅದನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರು.

ಕರೆಂಟ್ ಅಳೆಯುವ ಮೀಟರ್ ಇಟ್ಟು ನೋಡಿದೆ. ಫೋನ್ ಸಿಕ್ಕಿಸದಿದ್ದರೂ ಆ ಚಾರ್ಜರ್ 15 ಮಿಲಿಆಂಪಿಯರ್ ಎಳೆಯುತ್ತಿತ್ತು. ಏನೂ ಅಲ್ಲ ಅನ್ನಿಸುತ್ತದೆ. ಆದರೆ ದಿನದ 24 ಗಂಟೆಗೆ ಅದು 0.36 ಆಂಪಿಯರ್-ಅವರ್, ಎಂಟು ದಿನಕ್ಕೆ ಹೆಚ್ಚುಕಡಿಮೆ 2.9. ಅವನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 4. ಕಾರ್ಬ್ಯುರೇಟರ್ ಕಾಲದಲ್ಲಾದರೆ ಕಿಕ್ ಹೊಡೆದು ಹೊರಡಬಹುದಿತ್ತು. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್6 ಹೊಗೆ ನಿಯಮದ ಮೇಲೆ ಬಹುಪಾಲು ಬೈಕುಗಳು ಫ್ಯುಯೆಲ್ ಇಂಜೆಕ್ಷನ್‌ನವು. ಬ್ಯಾಟರಿ ಸೋತರೆ ಪೆಟ್ರೋಲ್ ಪಂಪೇ ಓಡುವುದಿಲ್ಲ, ಎಷ್ಟೋ ಗಾಡಿಗಳಿಗೆ ಕಿಕ್ಕರೂ ಇಲ್ಲ. ದಿನದ ದುಡಿಮೆ ಗಾಡಿಯ ಮೇಲೆ ನಿಂತಿರುವವರಿಗೆ ಇದು ಸಣ್ಣ ತೊಂದರೆಯಲ್ಲ.

ಹಾಗಾಗಿ ಸಾಕೆಟ್ ಹಾಕಿಸಲು ಬಂದವರು "ಯಾವ ಕಂಪನಿದು ಒಳ್ಳೇದು?" ಅಂತ ಕೇಳಿದರೆ, ಅದನ್ನು ಆಮೇಲೆ ನೋಡೋಣ ಅನ್ನುತ್ತೇನೆ. ಕೀ ತೆಗೆದಾಗ ಅದು ಸಾಯಬೇಕು, ಅದು ಮೊದಲ ಮಾತು.

ಅದಕ್ಕೆಂದು ಕೆಲವರು ಹೆಡ್‌ಲೈಟ್ ವೈರಿಗೆ ಜಾಯಿಂಟ್ ಕೊಡುತ್ತಾರೆ. ಹ್ಯಾಂಡಲ್ ಪಕ್ಕದಲ್ಲೇ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ನನಗೆ ಇದು ಒಪ್ಪಿಗೆಯಿಲ್ಲ. ಹಳೆಯ ಎಷ್ಟೋ ಬೈಕುಗಳಲ್ಲಿ ಹೆಡ್‌ಲೈಟಿಗೆ ಬರುವುದು ಮ್ಯಾಗ್ನೆಟ್‌ನ (ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ) ಎಸಿ ಕರೆಂಟು, ಚಾರ್ಜರಿಗೆ ಬೇಕಾದದ್ದು ಡಿಸಿ. ಹೊಸ ಗಾಡಿಯಲ್ಲಿ ಆ ಸಮಸ್ಯೆ ಇಲ್ಲದಿದ್ದರೂ, ಚಾರ್ಜರಿಗೆ ನೀರು ಹೋಗಿ ಶಾರ್ಟ್ ಆದರೆ ಹಾರುವುದು ಹೆಡ್‌ಲೈಟಿನ ಫ್ಯೂಸು. ರಾತ್ರಿ ಆಗುಂಬೆ ಘಾಟಿಯ ತಿರುವಿನಲ್ಲಿ ಹಾಗಾದರೆ ಏನು ಗತಿ ಎಂದು ಒಮ್ಮೆ ಯೋಚಿಸಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಡೆಯ ವೈರುಗಳಿಗಂತೂ ಕೈ ಹಾಕಲೇಬೇಡಿ.

ನಾನು ಹಾಕುವುದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ಅದರ ಕಾಲುಗಳ ಪಕ್ಕ ನಂಬರ್ ಇರುತ್ತದೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ದಾಟಿ ಬಂದ ವೈರು 30ಕ್ಕೆ, 87ರಿಂದ ಸಾಕೆಟ್ಟಿಗೆ, 85 ಅರ್ಥ್ (ಬ್ಯಾಟರಿ ಮೈನಸ್ ಸೇರಿರುವ ಚಾಸಿಸ್). 86ಕ್ಕೆ ಮಾತ್ರ ಕೀ ಆನ್ ಮಾಡಿದಾಗ ಕರೆಂಟ್ ಬರುವ ವೈರು; ಅದರಿಂದ ರಿಲೇ ಎಳೆಯುವುದು ಸುಮಾರು 0.15 ಆಂಪಿಯರ್ ಅಷ್ಟೇ, ಕಂಪನಿಯ ವೈರಿಂಗಿಗೆ ಭಾರವಿಲ್ಲ. ಆ ವೈರನ್ನು ಬಣ್ಣ ನೋಡಿ ಗುರುತಿಸಬೇಡಿ. ಕಪ್ಪು ಅಂದರೆ ಅರ್ಥ್ ಎಂದುಕೊಳ್ಳುತ್ತಾರೆ; ಹೊಂಡಾ ವೈರಿಂಗಿನಲ್ಲಿ ಹಸಿರು ಅರ್ಥ್, ಕಪ್ಪಿನಲ್ಲಿ ಬರುವುದು ಕೀ ಆನ್ ಪ್ಲಸ್! ಮೀಟರ್ ಹೇಳಿದ್ದನ್ನು ನಂಬಿ.

ಕೆಲಸ ಶುರು ಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಸ್ಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.

ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಎಷ್ಟೋ ಕಿಟ್‌ಗಳಲ್ಲಿ ಅದನ್ನು ಚಾರ್ಜರ್ ತುದಿಯಲ್ಲಿ ಕೊಟ್ಟಿರುತ್ತಾರೆ. ಫ್ಯೂಸ್ ಕಾಯುವುದು ವೈರನ್ನು. ಟ್ಯಾಂಕಿನ ಕೆಳಗೆ ವೈರು ಸವೆದು ಚಾಸಿಸ್ಸಿಗೆ ಅಂಟಿದರೆ, ಹ್ಯಾಂಡಲ್ ಹತ್ತಿರದ ಫ್ಯೂಸಿಗೆ ಸುದ್ದಿಯೂ ಮುಟ್ಟುವುದಿಲ್ಲ; ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ವೈರು ಬಿಸಿಯಾಗುತ್ತದೆ. 18 ವ್ಯಾಟಿನ ಯುಎಸ್‌ಬಿ ಚಾರ್ಜರ್ 12 ವೋಲ್ಟಿನಲ್ಲಿ ಎಳೆಯುವುದು 2 ಆಂಪಿಯರಿಗೂ ಕಡಿಮೆ. 3 ಆಂಪಿಯರ್ ಫ್ಯೂಸು, 1 ಚದರ ಮಿಲಿಮೀಟರ್ ವೈರು ಧಾರಾಳ. ಗಾಳಿ ಪಂಪಿನ ಮಾತು ಬೇರೆ. ಅದು 8–10 ಆಂಪಿಯರ್ ಕೇಳುತ್ತದೆ. ಅದಕ್ಕೆ ಈ ಸಾಕೆಟ್ ಬೇಡ. ಫ್ಯೂಸಿರುವ ಕ್ಲಿಪ್ ವೈರನ್ನು ನೇರ ಬ್ಯಾಟರಿಗೆ ಕಚ್ಚಿಸಿ, ಇಂಜಿನ್ ಓಡುತ್ತಿರುವಾಗ ಬಳಸಿ.

ಜಾಯಿಂಟಿಗೆ ಬರೀ ಟೇಪು ಸುತ್ತಿದರೆ ಮಲೆನಾಡಿನ ಒಂದು ಮಳೆಗಾಲ ದಾಟುವುದಿಲ್ಲ. ವರ್ಷಗಟ್ಟಲೆ ನಾನು ಬೆಸುಗೆ ಹಾಕುತ್ತಿದ್ದೆ. ಬೈಕಿನ ಅದುರಾಟಕ್ಕೆ ವೈರು ಬೆಸುಗೆ ಮುಗಿಯುವ ಜಾಗದಲ್ಲೇ ಮುರಿಯುವುದನ್ನು ಕಂಡು ಬಿಟ್ಟೆ. ಈಗ ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕುತ್ತೇನೆ. ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರ ವೈರು ಸ್ವಲ್ಪ ಸಡಿಲ ಇರಬೇಕು. ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡದೆ ಟೈ ಬಿಗಿಯಬೇಡಿ. ಬಿಗಿಯಾದ ವೈರಿನಿಂದ ಹ್ಯಾಂಡಲ್ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಸಾಕೆಟ್ಟಿನ ಬಾಯಿ ಕೆಳಮುಖವಾಗಿರಲಿ.

ಆ ಹುಡುಗನ ಬ್ಯಾಟರಿಯನ್ನು 0.4 ಆಂಪಿಯರಿನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿದೆ. ಬೇಗ ಕೈಗೆ ಸಿಕ್ಕಿದ್ದರಿಂದ ಉಳಿಯಿತು. ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಆಗುತ್ತಿರಲಿಲ್ಲ. ಮಾರನೇ ದಿನ ರಿಲೇ ಕೂರಿಸಿ, ಕೀ ತೆಗೆದು, ಮೈನಸ್ ವೈರು ಮತ್ತು ಬ್ಯಾಟರಿಯ ನಡುವೆ ಮೀಟರ್ ಸೇರಿಸಿ ಅವನಿಗೇ ತೋರಿಸಿದೆ. 1 ಮಿಲಿಆಂಪಿಯರ್ ಕೂಡ ಇರಲಿಲ್ಲ. ಹೀಗೆ ಮೀಟರ್ ಇಟ್ಟಿರುವಾಗ ಕೀ ಹಾಕಬೇಡಿ, ಸೆಲ್ಫ್ ಒತ್ತಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ.