ಸೀತಾಫಲ ಸೊಟ್ಟಗಾಗುವುದು ಹೂವಿನಲ್ಲೇ

ಆಗಸ್ಟ್‌ನಲ್ಲಿ ಹೊಸದುರ್ಗ ಕಡೆಯ ರೈತರೊಬ್ಬರು ನಾಲ್ಕೈದು ಸೀತಾಫಲದ ಕಾಯಿ ತಂದು ನನ್ನ ಮೇಜಿನ ಮೇಲೆ ಸುರಿದರು. ಒಂದೂ ದುಂಡಗಿಲ್ಲ. ಒಂದು ಕಡೆ ಕಣ್ಣು ಉಬ್ಬಿವೆ, ಇನ್ನೊಂದು ಕಡೆ ಅಮುಕಿದ ಹಾಗೆ ಚಪ್ಪಟೆ. "ಮೇನಲ್ಲಿ ಗಿಡದ ತುಂಬ ಹೂವಿತ್ತು ಸಾರ್. ನಿಂತಿದ್ದು ಇಷ್ಟೇ. ಯಾವ ಔಷಧಿ ಹೊಡೀಲಿ?"

"ಔಷಧಿ ಬೇಡ ಯಜಮಾನ್ರೇ, ಬನ್ನಿ" ಅಂತ ಹೊರಗೆ ಕರೆದುಕೊಂಡು ಹೋದೆ. ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆದ ಅಶೋಕದ ಮರಗಳಿವೆ. ದಾವಣಗೆರೆ, ದುರ್ಗದ ಶಾಲೆ-ಆಫೀಸುಗಳ ಮುಂದೆಲ್ಲ ಇರೋದು ಇದೇ. ಸೀತೆ ಕೂತಿದ್ದ ಅಶೋಕ ಬೇರೆ ಮರ. ಇದು ಹೆಸರಿಗಷ್ಟೇ ಅಶೋಕ, ಆದರೆ ಸೀತಾಫಲಕ್ಕೆ ನಿಜವಾದ ನೆಂಟ.

ಕೆಳಗೆ ಬಿದ್ದಿದ್ದ ಕಾಯಿಗೊಂಚಲೊಂದನ್ನು ಅವರ ಕೈಗಿಟ್ಟೆ. ಒಂದೇ ಗುಬುಟಿನಿಂದ ಏಳೆಂಟು ತೊಟ್ಟು, ಪ್ರತಿ ತೊಟ್ಟಿಗೂ ಒಂದು ಕಾಯಿ, ಒಳಗೆ ಒಂದು ಬೀಜ. ಇಷ್ಟೂ ಒಂದೇ ಹೂವಿನವು. ಅಶೋಕದಲ್ಲಿ ಹೀಗೆ ಬಿಡಿಬಿಡಿಯಾಗಿರುವ ಕಾಯಿಗಳೇ ಸೀತಾಫಲದಲ್ಲಿ ಒಂದಕ್ಕೊಂದು ಬೆಸೆದು ಒಂದು ಹಣ್ಣಾಗುತ್ತವೆ. ನಾವು ಕಣ್ಣು ಅನ್ನುವ ಒಂದೊಂದೂ ಒಂದೊಂದು ಕಾಯಿ. ಪರಾಗ ಸಿಕ್ಕ ಕಡೆ ಕಣ್ಣು ಉಬ್ಬುತ್ತದೆ. ಸಿಗದ ಕಡೆ ಹಣ್ಣು ಸೊರಗಿ ಸೊಟ್ಟಗಾಗುತ್ತದೆ.

ಇವೆರಡೂ ಸೇರಿದ ಸಸ್ಯ ಕುಟುಂಬದಲ್ಲಿ ಸುಮಾರು 2,400 ಜಾತಿಗಳಿವೆ, ಹೆಚ್ಚಿನವು ಬಿಸಿಲು ನಾಡಿನವು. ಅಶೋಕ, ಹಿತ್ತಲಲ್ಲಿ ಘಮ್ಮೆನ್ನುವ ಮನೋರಂಜಿನಿ ನಮ್ಮ ಏಷ್ಯಾ ಕಡೆಯವು. ದುರ್ಗದ ಬಂಡೆ ಸಂದಿಯಲ್ಲಿ ತಾನೇ ಹುಟ್ಟುವ ಸೀತಾಫಲ ಮಾತ್ರ ಅಮೆರಿಕ ಖಂಡದ್ದು, ರಾಮಫಲವೂ ಅಷ್ಟೇ. ಹೆಸರು ಕೇಳಿದರೆ ರಾಮಾಯಣದಿಂದಲೇ ಇಲ್ಲಿತ್ತು ಅನ್ನಿಸುತ್ತೆ, ಅಲ್ವಾ? ಮುಳ್ಳುಮುಳ್ಳಿನ ಲಕ್ಷ್ಮಣಫಲವನ್ನು ಕೆಲವರು ಹನುಮಫಲ ಅಂತಾರೆ, ಆ ಜಗಳ ನನಗೆ ಬೇಡ. ಅದಕ್ಕೆ ತೇವದ ಹವೆ ಬೇಕು, ನಮ್ಮ ಒಣಭೂಮಿಗೆ ಸುಮ್ನೆ ತಂದು ನೆಡಬೇಡಿ.

ಇನ್ನು ಹೂವಿನ ವಿಷಯ. ಸೀತಾಫಲದ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ದಪ್ಪ ಎಸಳು ಅರೆಬಿರಿದಾಗ ಒಳಗಿನ ತುದಿ ಜಿನುಗುತ್ತಾ ಪರಾಗಕ್ಕೆ ಕಾಯುತ್ತಿರುತ್ತದೆ. ಪೂರ್ತಿ ಬಿರಿದು ಪರಾಗ ಉದುರಿಸುವ ಹೊತ್ತಿಗೆ ಆ ತುದಿ ಒಣಗಿರುತ್ತದೆ. ಹಾಗಾಗಿ ಒಂದು ಹೂವಿನಿಂದ ಇನ್ನೊಂದಕ್ಕೆ ಯಾರಾದರೂ ಪರಾಗ ಹೊರಬೇಕು. ಜೇನುಹುಳ ಇದಕ್ಕೆ ಅಷ್ಟಾಗಿ ಬರಲ್ಲ. ಕೆಲಸ ಮಾಡೋದು ಕೊಳೆತ ಹಣ್ಣಿಗೆ ಮುತ್ತುವ ಸಣ್ಣ ಕಂದು ಜೀರುಂಡೆಗಳು. ಕೀಟನಾಶಕ ಹೊಡೆದರೆ ಅವೂ ಸಾಯುತ್ತವೆ. ಒಣಗಾಳಿ ಬೀಸಿದರೆ ತುದಿ ಇನ್ನೂ ಬೇಗ ಒಣಗುತ್ತದೆ. ಈ ಯಜಮಾನರು ಹೂವಿನ ಹೊತ್ತಲ್ಲಿ ಎರಡು ಸಲ ಕೀಟನಾಶಕ ಹೊಡೆದಿದ್ದರಂತೆ.

ದಾರಿ ಸುಲಭ, ಬೇಸರದ ಕೆಲಸ ಅಷ್ಟೇ. ಬೆಳಿಗ್ಗೆ ಬೇಗ ಪೂರ್ತಿ ಬಿರಿದ ಹೂವಿನ ಪರಾಗವನ್ನು ಕಾಗದದ ಮೇಲೆ ಉದುರಿಸಿಕೊಳ್ಳಿ. ಸಣ್ಣ ಬ್ರಷ್‌ನಲ್ಲಿ ಅದ್ದಿ ಅರೆಬಿರಿದ ಹೂವಿನೊಳಗೆ ಸುತ್ತಲೂ ಸವರಿ. ಒಂದೇ ಕಡೆ ತಾಗಿಸಿದರೆ ಮತ್ತೆ ಸೊಟ್ಟ ಹಣ್ಣೇ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕ ಸಹನ್' ಸೀತಾಫಲ ತಳಿ ಹಾಕಿದವರು ಪಕ್ಕದಲ್ಲಿ ನಾಟಿ ಗಿಡ ನಾಲ್ಕು ಇಟ್ಟುಕೊಳ್ಳಿ, ಪರಾಗಕ್ಕೆ.

"ಐನೂರು ಗಿಡಕ್ಕೂ ಬ್ರಷ್ ಹಿಡೀಬೇಕಾ ಸಾರ್?" ಅಂದರು. ಮುಂದಿನ ಸಲ ಇಪ್ಪತ್ತಕ್ಕೆ ಹಿಡಿದು ನೋಡಿ ಅಂದೆ. ಹೋಗುವಾಗ ಅಶೋಕದ ಗೊಂಚಲನ್ನು ಮನೆಯವರಿಗೆ ತೋರಿಸಲು ಜೇಬಿಗೆ ಹಾಕಿಕೊಂಡರು.