ನಿರುದ್ಯೋಗದ ಪರ್ಸೆಂಟೇಜು, ಖಾಲಿ ಹುದ್ದೆ: ಪಕ್ಕಪಕ್ಕ ಇಡೋ ಮುಂಚೆ

ಪ್ರದೇಶವಾರು ನಿರುದ್ಯೋಗದ ಅಂಕಿಅಂಶ ಹೊರಬಿದ್ದಾಗೆಲ್ಲ ನಮ್ಮಂಥ ಲೇಬರ್ ಡೇಟಾ ನೋಡೋರಿಗೆ ಬರೋ ಪ್ರಶ್ನೆ ಒಂದೇ, ಅಷ್ಟೊಂದು ಕೆಲಸ ಖಾಲಿ ಇದೆ ಅಂತೀರ, ಮತ್ತೆ ಇಷ್ಟು ಜನ ಯಾಕೆ ಸುಮ್ನೆ ಕೂತಿದಾರೆ, ಸೋಮಾರಿಗಳಾ? ಅಲ್ಲ ಸ್ವಾಮಿ. ನಿರುದ್ಯೋಗಿನ ಎಣಿಸೋದು ಅವನ ಮನೆ ಇರೋ ಕಡೆ, ಮನೆಮನೆ ಸರ್ವೇಲಿ. ಖಾಲಿ ಹುದ್ದೆ ಎಣಿಸೋದು ಕಂಪನಿಗಳನ್ನ ಕೇಳಿ. ಜನ ಒಂದು ಕಡೆ ವಾಸ ಇದ್ದು ಪಕ್ಕದ ಜಿಲ್ಲೆಗೆ ಕೆಲಸಕ್ಕೆ ಹೋಗ್ತಾರೆ, ಇನ್ನು ಜಾಬ್ ಪೋರ್ಟಲ್ ಡೇಟಾ ಆದ್ರಂತೂ ಜಾಹೀರಾತಿನ ಮೇಲೆ ಹೆಡ್ ಆಫೀಸ್ ಅಡ್ರೆಸ್ ಇರುತ್ತೆ, ಕೆಲಸ ಇರೋದು ಇನ್ನೆಲ್ಲೋ ದೂರದ ಗೋಡೌನಲ್ಲಿ. ಅದಕ್ಕೇ ಬ್ರಿಟನ್‌ನಲ್ಲಿ ಆಡಳಿತದ ಗಡಿ ಬಿಟ್ಟು, ಜನ ನಿಜವಾಗ್ಲೂ ಎಲ್ಲಿಂದ ಎಲ್ಲಿಗೆ ಕೆಲಸಕ್ಕೆ ಓಡಾಡ್ತಾರೆ ಅನ್ನೋದರ ಮೇಲೆ ಬೇರೆ ಗೆರೆ ಎಳೀತಾರೆ, 2011ರ ಸೆನ್ಸಸ್ ಇಟ್ಕೊಂಡು ಇಡೀ ದೇಶನ ಅಂಥ 228 ಏರಿಯಾ ಮಾಡಿದ್ರು.

ಇನ್ನು ನಿರುದ್ಯೋಗಿ ಅಂದ್ರೆ ಯಾರು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆ ಪ್ರಕಾರ ಕೆಲಸ ಇರಬಾರದು, ಹುಡುಕ್ತಾ ಇರಬೇಕು, ಸಿಕ್ಕರೆ ಸೇರೋಕೆ ರೆಡಿ ಇರಬೇಕು. ಸರ್ವೇ ಮಾಡೋರು ಕೇಳೋದೇ ಹೀಗೆ, ಹೋದ ವಾರ ಒಂದು ಗಂಟೆ ಆದ್ರೂ ದುಡ್ಡಿಗೆ ಕೆಲಸ ಮಾಡಿದ್ರಾ? ಹೌದು ಅಂದ್ರೆ ಮುಗೀತು, ನೀವು ಉದ್ಯೋಗಿ. ಅದರ ಫಜೀತಿ ನೋಡಿ: ನೂರು ಜನರ ದುಡಿಯೋ ಬಳಗದಲ್ಲಿ (ಕೆಲಸದಲ್ಲಿರೋರು, ಹುಡುಕ್ತಾ ಇರೋರು ಇಬ್ಬರೂ ಸೇರಿ) ಹತ್ತು ಜನ ನಿರುದ್ಯೋಗಿಗಳು, ಶೇ. 10. ಅದರಲ್ಲಿ ನಾಲ್ಕು ಜನ ಬೇಸತ್ತು ಹುಡುಕೋದೇ ಬಿಟ್ರು ಅಂದ್ರೆ ಅವರು ಬಳಗದಿಂದಲೇ ಹೊರಗೆ, ಉಳಿಯೋದು 96ಕ್ಕೆ 6, ಅಂದ್ರೆ ಶೇ. 6.25. ಒಬ್ಬರಿಗೂ ಕೆಲಸ ಸಿಕ್ಕಿಲ್ಲ ಆದ್ರೂ ಹೆಡ್‌ಲೈನ್ ಮಾತ್ರ 'ನಿರುದ್ಯೋಗ ಇಳಿಕೆ'! ಅದಕ್ಕೇ ನಾನು ಮೊದಲು ನೋಡೋದು ಆ ಪ್ರದೇಶದಲ್ಲಿ ದುಡಿಯೋ ವಯಸ್ಸಿನವರಲ್ಲಿ ಎಷ್ಟು ಜನ ಕೆಲಸದಲ್ಲಿದಾರೆ ಅನ್ನೋದನ್ನ, ನಿರುದ್ಯೋಗದ ದರ ಆಮೇಲೆ.

ಚಿಕ್ಕ ಪ್ರದೇಶ ಆದ್ರೆ ಇನ್ನೊಂದು ತೊಡಕು. ಸ್ಯಾಂಪಲ್‌ನಲ್ಲಿ 500 ಜನ, ಶೇ. 5 ನಿರುದ್ಯೋಗ ಅಂದ್ರೆ ಬರೀ 25 ಜನರ ಉತ್ತರ ಅದು, ನಿಜವಾದ ದರ 3 ಇರಬಹುದು 7ನೂ ಇರಬಹುದು. ಹೋದ ತಿಂಗಳು 5.2 ಇದ್ದಿದ್ದು ಈಗ 4.8 ಆಯ್ತು ಅಂತ ಕುಣಿಯೋದು ಬೇಡ.

ಖಾಲಿ ಹುದ್ದೆ ಲೆಕ್ಕಾನೂ ಸರಳ ಅಲ್ಲ. ಅಮೆರಿಕದ ಸರ್ವೇಲಿ ತಿಂಗಳ ಕೊನೇ ಕೆಲಸದ ದಿನ ಹುದ್ದೆ ಖಾಲಿ ಇರಬೇಕು, 30 ದಿನದೊಳಗೆ ಕೆಲಸ ಶುರು ಆಗೋ ಹಾಗಿರಬೇಕು, ಹೊರಗಿನವರನ್ನ ಹುಡುಕ್ತಾ ಇರಬೇಕು. ಒಳಗಿನವರಿಗೇ ಪ್ರಮೋಷನ್ ಕೊಟ್ಟು ತುಂಬೋದಾದ್ರೆ ಲೆಕ್ಕಕ್ಕಿಲ್ಲ. 2022ರ ಮಾರ್ಚಲ್ಲಿ ಅಲ್ಲಿ ಒಬ್ಬ ನಿರುದ್ಯೋಗಿಗೆ ಸುಮಾರು ಎರಡು ಹುದ್ದೆ ಖಾಲಿ ಇತ್ತು, ಆದ್ರೂ ನಿರುದ್ಯೋಗ ಸೊನ್ನೆ ಆಗ್ಲಿಲ್ಲ. ಕೆಲಸ, ಕೆಲಸಗಾರ ಒಬ್ಬರಿಗೊಬ್ಬರು ಸಿಗೋಕೆ ಟೈಮ್ ಹಿಡಿಯುತ್ತೆ, ಈ ಹುಡುಕಾಟದ ಥಿಯರಿಗೇ 2010ರಲ್ಲಿ ಡೈಮಂಡ್, ಮಾರ್ಟೆನ್ಸನ್, ಪಿಸ್ಸಾರಿಡೆಸ್ ಮೂವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು. ಒಂದು ಪ್ರದೇಶದಲ್ಲಿ ನಿರುದ್ಯೋಗ, ಖಾಲಿ ಹುದ್ದೆ ಎರಡೂ ಒಟ್ಟಿಗೆ ಏರ್ತಾ ಇದ್ರೆ ನಾನು ಸ್ಕಿಲ್ ಒಂದನ್ನೇ ದೂರಲ್ಲ, ಸಂಬಳ ಎಷ್ಟು, ಯಾವ ಶಿಫ್ಟು, ರಾತ್ರಿ ಬಸ್ ಇದೆಯಾ, ಮಗುನ ಯಾರು ನೋಡ್ಕೋತಾರೆ ಅಂತ ಕೇಳ್ತೀನಿ, ಇದ್ಯಾವುದಕ್ಕೂ ಆ ಟೇಬಲ್‌ನಲ್ಲಿ ಕಾಲಮ್ ಇರಲ್ಲ.